ಮೊದಲ ಹಾಡನ್ನು ಬಿಟ್ಟು ಕೇಳುವಾಕೆ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.)

ಸಲಹೆ ಕೇಳಿ ನನ್ನ ಹತ್ತಿರ ಮೊದಲು ಬಂದದ್ದು ಗಂಡ. "ಮೇಡಂ, ನಮ್ಮತ್ತೆ, ಅಂದ್ರೆ ನನ್ನ ಹೆಂಡತಿಯ ಅಮ್ಮ, ತೀರಿಕೊಂಡು ಆರೇಳು ತಿಂಗಳಾಯ್ತು. ಕಾರ್ಯದ ದಿನ ಇವಳ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ಈಗ ದಿನಾ ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಅವೇ ಇಂಗ್ಲಿಷ್ ಹಾಡು ಕೇಳ್ತಾ ಅಳ್ತಾಳೆ. ಫೋನಿಂದ ತೆಗೆದುಬಿಡ್ಲಾ?"

ಖಂಡಿತ ಬೇಡ, ಅವರನ್ನೇ ಕರೆದುಕೊಂಡು ಬನ್ನಿ ಎಂದೆ.

ಆಕೆಗೆ ಮೂವತ್ತರ ಆಸುಪಾಸು. ತೀರಾ ಚಿಕ್ಕವಳಿದ್ದಾಗಲೇ ಅಮ್ಮ ಮನೆ ಬಿಟ್ಟು ಹೋಗಿದ್ದರು. ಮನಸ್ಸಿನ ಕಾಯಿಲೆ ಇತ್ತಂತೆ. ಯಾರೂ ಬಿಡಿಸಿ ಹೇಳಿಲ್ಲ. ಸಾಕಿದ್ದು ಅಜ್ಜಿ.

ಕೇಳುತ್ತಿದ್ದದ್ದು ಅಮೆರಿಕದ ಗಾಯಕ ಸುಫ್ಜಾನ್ ಸ್ಟೀವನ್ಸ್ 2015ರಲ್ಲಿ ತಂದ 'ಕ್ಯಾರಿ ಆ್ಯಂಡ್ ಲೋವೆಲ್' ಎಂಬ ಆಲ್ಬಮ್. 11 ಹಾಡು, ಮುಕ್ಕಾಲು ಗಂಟೆಗೂ ಕಮ್ಮಿ. ಕ್ಯಾರಿ ಆತನ ತಾಯಿ, ಲೋವೆಲ್ ಮಲತಂದೆ. ಮಗನಿಗೆ ಒಂದು ವರ್ಷವಾಗಿದ್ದಾಗ ಕ್ಯಾರಿ ಮನೆ ಬಿಟ್ಟಿದ್ದಳು. ಆಕೆಗೆ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಇತ್ತು, ಮಾದಕ ವಸ್ತುಗಳ ಚಟವೂ ಇತ್ತು. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಆಕೆಯ ಜೊತೆ ಕೆಲವು ಬೇಸಿಗೆ ರಜೆ ಕಳೆದದ್ದು ಬಿಟ್ಟರೆ ಮಗನಿಗೆ ತಾಯಿ ಸಿಕ್ಕಿದ್ದು ಅಷ್ಟಕ್ಕಷ್ಟೆ. 2012ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಳು.

ಸತ್ತವರಿಗಾಗಿ ಮಾಡಿದ ಆಲ್ಬಮ್‌ಗಳು ಬೇಕಾದಷ್ಟಿವೆ. ಫಿಲ್ ಎಲ್ವೆರಮ್ ಎಂಬ ಗಾಯಕ 2016ರಲ್ಲಿ ಹೆಂಡತಿ ತೀರಿಕೊಂಡ ಮೇಲೆ ಅವಳ ಕೋಣೆಯಲ್ಲೇ ಕೂತು, ಅವಳ ವಾದ್ಯಗಳನ್ನೇ ನುಡಿಸಿ ಒಂದು ಆಲ್ಬಮ್ ರೆಕಾರ್ಡ್ ಮಾಡಿದ. ಅದು ಜೊತೆಗಿದ್ದವರನ್ನು ಕಳೆದುಕೊಂಡ ದುಃಖ. ಜೊತೆಗೆ ಇರಲೇ ಇಲ್ಲದವರಿಗಾಗಿ ಅಳುವುದು ಬೇರೆ. ನೆಂಟರಿಗೂ ಅದು ಅರ್ಥವಾಗಲ್ಲ, ಅಳುವವರಿಗೂ ಸಂಕೋಚ. ಆಕೆ ಹುಡುಕಿಕೊಂಡ ಹಾಡುಗಳು ಸರಿಯಾಗಿಯೇ ಇದ್ದವು.

ಹಾಗಾಗಿ ಹಾಡಿನ ಬಗ್ಗೆಯೇ ಕೇಳಿದೆ. ಯಾವುದನ್ನು ಮತ್ತೆ ಮತ್ತೆ ಹಾಕುತ್ತೀರಿ? ಎರಡನೆಯದು ಎಂದರು. ತಾಯಿ ಮಕ್ಕಳನ್ನು ವಿಡಿಯೊ ಅಂಗಡಿಯಲ್ಲಿ ಬಿಟ್ಟು ಹೋದ ನೆನಪು ಅದರಲ್ಲಿದೆ. ಯಾವುದನ್ನು ಬಿಡುತ್ತೀರಿ?

ತುಂಬ ಹೊತ್ತು ಸುಮ್ಮನಿದ್ದರು. "ಮೊದಲನೇದು. ಅದರಲ್ಲಿ ಅವನು ಅಮ್ಮನ್ನ ಕ್ಷಮಿಸಿಬಿಡ್ತಾನೆ ಮೇಡಂ. ಮೊದಲನೇ ಹಾಡಲ್ಲೇ! ನಂಗೆ ಆಗಲ್ಲ."

ವಿಷಯ ಇದ್ದದ್ದು ಇಲ್ಲಿ. ಸತ್ತವರ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಅಂತ ಆಕೆಗೆ ಎಲ್ಲರೂ ಹೇಳಿದ್ದರು. ಸಿಟ್ಟು ಹೋಗುವ ತನಕ ಅಳುವ ಹಕ್ಕೂ ತನಗಿಲ್ಲ ಅಂತ ಆಕೆ ತೀರ್ಮಾನಿಸಿದ್ದರು. ಅದಕ್ಕೇ ಕದ್ದು ಅಳುತ್ತಿದ್ದರು.

ಆಲ್ಬಮ್‌ನಲ್ಲಿ ಹಾಡುಗಳು ಬರುವ ಕ್ರಮದಲ್ಲೇ ದುಃಖವೂ ಬರಬೇಕಿಲ್ಲ ಎಂದೆ. ತಾಯಿ ತೀರಿಕೊಂಡ ಎರಡು ವರ್ಷದ ಮೇಲೆ ಬಂದ ಆಲ್ಬಮ್ ಅದು. ನಮ್ಮ ಹಳ್ಳಿ ಹೆಂಗಸರು ಹೆಣದ ಮುಂದೆ ಹಾಡಿಕೊಂಡು ಅಳುತ್ತಾರಲ್ಲ, ಬರೀ ಹೊಗಳುತ್ತಾರಾ? ನನ್ನ ನಡುನೀರಲ್ಲಿ ಕೈಬಿಟ್ಟೆಯಲ್ಲ ಅಂತ ಬೈಯುತ್ತಾರೆ. ಕೂತವರು ಯಾರೂ ತಪ್ಪು ತಿಳಿಯಲ್ಲ. ನೀವೂ ಬೈಯಿರಿ. ಅಮ್ಮನಿಗೊಂದು ಕಾಗದ ಬರೆಯಿರಿ, ಕ್ಷಮೆಯ ಮಾತು ಅದರಲ್ಲಿ ಬರಲೇಬೇಕು ಅಂತಿಲ್ಲ. ಹಾಡು ಕೇಳಿ, ಆದರೆ ಮಲಗುವ ಹೊತ್ತಿಗೆ ಬೇಡ, ನಿದ್ದೆ ಕೆಡುತ್ತಿದೆ. ಸಂಜೆ ಸ್ಪೀಕರ್‌ನಲ್ಲಿ ಹಾಕಿ, ಮನೆಯವರಿಗೂ ಕೇಳಿಸಲಿ. ಅಮ್ಮನ ಕಾಯಿಲೆ ಏನಿತ್ತು ಅಂತ ಚಿಕ್ಕಮ್ಮನನ್ನು ನೇರವಾಗಿ ಕೇಳಿ.

ಗಂಡನಿಗೆ ಹೇಳಿದ್ದು ಕಡಿಮೆ. "ಮರೆತುಬಿಡು" ಅನ್ನಬೇಡಿ. ಒಂದು ಹಾಡನ್ನಾದರೂ ಜೊತೆಗೆ ಕೂತು ಕೇಳಿ, ಅರ್ಥವಾಗದಿದ್ದರೆ ಕೇಳಿ ತಿಳಿದುಕೊಳ್ಳಿ. ಊಟ ಬಿಟ್ಟರೆ, ಕೆಲಸಕ್ಕೆ ಹೋಗಲಾಗದಿದ್ದರೆ, ಬದುಕೇ ಬೇಡ ಎಂಬ ಮಾತು ಬಂದರೆ ಮಾತ್ರ ಕಾಯಬೇಡಿ, ಮನೋವೈದ್ಯರ ಹತ್ತಿರ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ರಾತ್ರಿಯೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಮುಂದಿನ ಸಲ ಆಕೆ ಒಬ್ಬರೇ ಬಂದರು. ಚಿಕ್ಕಮ್ಮ ಅರ್ಧ ಹೇಳಿ ಅತ್ತರಂತೆ. ಈಗ ವರ್ಷದ ತಿಥಿಯ ಪ್ರಶ್ನೆ. ಹೋಗಲು ಮನಸ್ಸಿಲ್ಲ. ಹೋಗದಿರಬಹುದು, ಆದರೆ ಕೊನೇ ಗಳಿಗೆಯಲ್ಲಿ ಹುಷಾರಿಲ್ಲ ಅಂತ ಗಂಡನ ಕೈಲಿ ಹೇಳಿಸಬೇಡಿ, ಚಿಕ್ಕಮ್ಮನಿಗೆ ನೀವೇ ಮುಂಚಿತವಾಗಿ ತಿಳಿಸಿ ಎಂದಿದ್ದೇನೆ.