ಮಗ ಮೇಷ್ಟ್ರು, ಮನೆಮಂದಿ ವಿದ್ಯಾರ್ಥಿಗಳು

ಪ್ರಶ್ನೆ: ನಾವು ಮೈಸೂರಿನಿಂದ ಬಂದು ಮಾಂಟ್ರಿಯಲ್‌ನಲ್ಲಿ ನೆಲೆಸಿದವರು. ಎಂಟು ವರ್ಷದ ಮಗ ಫ್ರೆಂಚ್ ಶಾಲೆಗೆ ಹೋಗುತ್ತಾನೆ. ನಾನು, ನಮ್ಮ ಯಜಮಾನರು, ಅತ್ತೆಯವರು ಮೊಬೈಲಿನ ಆ್ಯಪ್ ನೋಡಿ ಕಲಿಯುತ್ತಿದ್ದೇವೆ. ನಾವು ಬಾಯಿ ತೆರೆದರೆ ಸಾಕು, ಅವನು ಬಿದ್ದು ಬಿದ್ದು ನಗುತ್ತಾನೆ. ಮೊನ್ನೆ ಯಜಮಾನರನ್ನು ಸಹೋದ್ಯೋಗಿಯೊಬ್ಬರು ‘ದೆಜುನೆ’ಗೆ ಕರೆದಿದ್ದರು. ಅದು ಮಧ್ಯಾಹ್ನದ ಊಟವೆಂದು ಆ್ಯಪ್ ಹೇಳಿಕೊಟ್ಟಿದ್ದರಿಂದ ಇವರು ಇನ್ನೂ ಸ್ನಾನಕ್ಕೆ ಹೊರಡುತ್ತಿದ್ದಾಗಲೇ ಅಲ್ಲಿಂದ ಫೋನ್ ಬಂತು, ತಿಂಡಿ ಆರಿಹೋಗಿತ್ತಂತೆ! ವಸ್ತುಗಳ ಲಿಂಗವಂತೂ ತಲೆ ಕೆಡಿಸಿದೆ. ದೊಡ್ಡವರಿಗೆ ಈ ಭಾಷೆ ಒಲಿಯುವುದುಂಟೆ?
– ಓದುಗರೊಬ್ಬರು, ಮಾಂಟ್ರಿಯಲ್

ಉತ್ತರ: ಒಲಿಯುತ್ತದೆ, ಆದರೆ ಮಗನ ವೇಗದಲ್ಲಿ ಅಲ್ಲ. ನೀವಿರುವ, ಕೆನಡಾದ ಕೆಬೆಕ್ ಪ್ರಾಂತ್ಯದಲ್ಲಿ 1977ರ ಭಾಷಾ ಕಾಯಿದೆಯ ಪ್ರಕಾರ ವಲಸೆ ಬಂದವರ ಮಕ್ಕಳು ಸಾಮಾನ್ಯವಾಗಿ ಫ್ರೆಂಚ್ ಶಾಲೆಯಲ್ಲೇ ಓದಬೇಕು. ದಿನವಿಡೀ ಪಾಠ, ಆಟ, ಜಗಳ ಎಲ್ಲವನ್ನೂ ಅದೇ ಭಾಷೆಯಲ್ಲಿ ನಡೆಸುವ ಹುಡುಗನಿಗೂ, ಪಾತ್ರೆ ತೊಳೆದಾದ ಮೇಲೆ ಅರ್ಧ ಗಂಟೆ ಮೊಬೈಲ್ ಹಿಡಿಯುವ ತಾಯಿಗೂ ಸ್ಪರ್ಧೆ ಇಡುವುದೇ ಅನ್ಯಾಯ.

ತಿಂಡಿ ಆರಿದ್ದರಲ್ಲಿ ನಿಮ್ಮ ಯಜಮಾನರ ತಪ್ಪಿಲ್ಲ. ಆ್ಯಪ್ ಕಲಿಸಿದ್ದು ಪ್ಯಾರಿಸ್ಸಿನ ಫ್ರೆಂಚ್. ಕೆಬೆಕ್‌ನಲ್ಲಿ ‘ದೆಜುನೆ’ ಬೆಳಗಿನ ತಿಂಡಿ, ‘ದಿನೆ’ ಮಧ್ಯಾಹ್ನದ ಊಟ, ‘ಸೂಪೆ’ ರಾತ್ರಿಯ ಊಟ. ಉಚ್ಚಾರಣೆಯೂ ಬೇರೆ: ‘ಇ’ಕಾರಕ್ಕೆ ಮೊದಲು ಬರುವ ತಕಾರ, ದಕಾರಗಳು ಅಲ್ಲಿಯವರ ಬಾಯಲ್ಲಿ ‘ತ್ಸ’, ‘ದ್ಜ’ ಆಗುವುದರಿಂದ ಭಾನುವಾರವಾದ ‘ದಿಮಾಂಶ್’ ಕಿವಿಗೆ ‘ದ್ಜಿಮಾಂಶ್’ ಎಂದೇ ಬೀಳುತ್ತದೆ. ಮಗನ ನಗುವಿನಲ್ಲಿ ಅರ್ಧಪಾಲು ಇದಕ್ಕೇ ಇದ್ದೀತು. ಆದ್ದರಿಂದ ಆ್ಯಪ್‌ನ ಜೊತೆಗೆ ಸ್ಥಳೀಯ ರೇಡಿಯೊವನ್ನೂ ಅಡುಗೆಮನೆಯಲ್ಲಿ ಹಾಕಿಡಿ.

ಲಿಂಗದ ಕಷ್ಟ ನಿಜವಾದದ್ದು. ಕನ್ನಡದಲ್ಲಿ ಮೇಜು, ಪುಸ್ತಕ, ಕಿಟಕಿ ಎಲ್ಲವೂ ‘ಅದು’. ಅರ್ಥ ನೋಡಿ ಲಿಂಗ ಹೇಳುವ ಅಭ್ಯಾಸ ನಮ್ಮದು. ಹಿಂದಿ ಬಲ್ಲವರಿಗೆ ಸ್ವಲ್ಪ ಅನುಕೂಲವಿದೆ ಎನ್ನೋಣವೆಂದರೆ, ಹಿಂದಿಯಲ್ಲಿ ಹೆಣ್ಣಾದ ಪುಸ್ತಕವೂ ಚಹಾವೂ ಫ್ರೆಂಚಿಗೆ ಬಂದೊಡನೆ ಗಂಡಾಗುತ್ತವೆ. ತರ್ಕ ಹುಡುಕದೆ, ಪದವನ್ನು ಅದಕ್ಕೆ ಮೊದಲು ಬರುವ ‘ಲ’ (ಪುಲ್ಲಿಂಗ) ಅಥವಾ ‘ಲಾ’ (ಸ್ತ್ರೀಲಿಂಗ) ಜೊತೆ ಒಂದೇ ಪದವೆಂಬಂತೆ ಬಾಯಿಪಾಠ ಮಾಡುವುದೇ ಉಪಾಯ: ‘ಲ ಲೀವ್ರ್’ (ಪುಸ್ತಕ), ‘ಲಾ ತಾಬ್ಲ್’ (ಮೇಜು). ಫ್ರಿಜ್‌ಗೆ, ಮೇಜಿಗೆ ಚೀಟಿ ಅಂಟಿಸುವವರು ಬರಿಯ ಹೆಸರು ಬರೆದು ಬಿಡುತ್ತಾರೆ. ಮೊದಲಿನ ಆ ಚಿಕ್ಕ ಅಕ್ಷರವನ್ನೂ ಬರೆಯಿರಿ. ‘ಸಿಯೋಂ’ ಎಂದು ಮುಗಿಯುವ ಪದಗಳು ಬಹುತೇಕ ಸ್ತ್ರೀಲಿಂಗ, ‘ಮಾಂ’ ಎಂದು ಮುಗಿಯುವವು ಬಹುತೇಕ ಪುಲ್ಲಿಂಗ ಎಂಬುದು ಸ್ವಲ್ಪ ಕೈ ಹಿಡಿಯುತ್ತದೆ.

ನಮಗೂ ಕೆಲವು ಅನುಕೂಲಗಳಿವೆ. ‘ತ್ಯು’, ‘ವೂ’ ಭೇದ ಇಂಗ್ಲಿಷರನ್ನು ಕಂಗೆಡಿಸುತ್ತದೆ. ನೀನು, ನೀವು ಎನ್ನುತ್ತಲೇ ಬೆಳೆದ ನಿಮ್ಮ ಅತ್ತೆಯವರಿಗೆ ಅದನ್ನು ವಿವರಿಸಬೇಕಿಲ್ಲ. ಆದರೆ ಅಂಕಿಗಳನ್ನು ತಾಳ್ಮೆಯಿಂದ ಕಲಿಯಿರಿ: 97 ಎನ್ನಲು ‘ನಾಲ್ಕು ಇಪ್ಪತ್ತು ಹದಿನೇಳು’ ಎನ್ನಬೇಕಾದ ಭಾಷೆಯಲ್ಲಿ ಫೋನ್ ನಂಬರ್ ಬರೆದುಕೊಳ್ಳುವುದು ಗಣಿತದ ಪರೀಕ್ಷೆಯೇ.

ಇನ್ನು ಮಗನ ವಿಚಾರ. ಊಟದ ಹೊತ್ತಿನಲ್ಲಿ ಹತ್ತು ನಿಮಿಷ ಅವನೇ ಮೇಷ್ಟ್ರಾಗಲಿ, ಮನಸಾರೆ ನಗಲಿ. ಅಷ್ಟಾದ ಮೇಲೆ ತಿದ್ದುವುದು ನಿಲ್ಲಲಿ. ಆಸ್ಪತ್ರೆಗೆ, ಬ್ಯಾಂಕಿಗೆ ಅವನನ್ನು ದುಭಾಷಿಯಾಗಿ ಕರೆದೊಯ್ಯಬೇಡಿ. ದೊಡ್ಡವರ ಕಷ್ಟಗಳನ್ನು ಹೊರುವ ವಯಸ್ಸು ಅವನದಲ್ಲ, ನಿಮ್ಮ ಕಲಿಕೆಯೂ ಅಲ್ಲಿಗೆ ನಿಂತುಹೋಗುತ್ತದೆ. ಅಂಗಡಿಯ ವ್ಯವಹಾರ ಅತ್ತೆಯವರಿಗೆ, ಶಿಕ್ಷಕಿಯೊಡನೆ ಮಾತು ನಿಮಗೆ ಎಂದು ಹಂಚಿಕೊಳ್ಳಿ. ವಯಸ್ಕರಿಗಾಗಿ ಸರ್ಕಾರ 2023ರಲ್ಲಿ ಆರಂಭಿಸಿದ ‘ಫ್ರಾನ್ಸಿಸಾಸಿಯೋಂ ಕೆಬೆಕ್’ನ ಉಚಿತ ತರಗತಿಗೆ ಹೆಸರು ಕೊಡಿ. ಕಾಯಬೇಕಾಗಬಹುದು, ಬೇಗ ಕೊಡಿ.

ಪ್ರಶ್ನೆ: ಮಗಳು ಅಂಕಗಳಿಗಾಗಿ ಪಿಯುಸಿಯಲ್ಲಿ ಫ್ರೆಂಚ್ ತೆಗೆದುಕೊಂಡಿದ್ದಾಳೆ. ಜೊತೆಗೆ ನಾನೂ ಕಲಿಯುತ್ತಿದ್ದೇನೆ. ಇಬ್ಬರೂ ಫ್ರೆಂಚ್ ಭಾಷಾ ಪ್ರಾವೀಣ್ಯದ ಡೆಲ್ಫ್ ಪರೀಕ್ಷೆ ಬರೆಯಬಹುದೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಧಾರಾಳವಾಗಿ ಬರೆಯಿರಿ. ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು, ಹೀಗೆ ನಾಲ್ಕಕ್ಕೂ ತಲಾ 25 ಅಂಕ. ಒಟ್ಟು 50 ಬಂದರೆ ಪಾಸು, ಆದರೆ ಯಾವುದರಲ್ಲೂ 5ಕ್ಕಿಂತ ಕಡಿಮೆ ಬರಬಾರದು. ಪಿಯುಸಿಯಲ್ಲಿ ತೊಂಬತ್ತು ದಾಟಿದವರೂ ಕೇಳುವ ಭಾಗದಲ್ಲಿ ತಡವರಿಸುವುದುಂಟು. ತಂದೆ ಮಗಳು ಮನೆಯಲ್ಲಿ ಆಡುವ ಮಾತಿಗೆ ಬೆಲೆ ಬರುವುದು ಅಲ್ಲಿಯೇ.