ಫೋನಿನ ಕರ್ನಲ್ ಮೂಲಸಂಕೇತ ತಯಾರಕರ ರಹಸ್ಯವೇ?

ಪ್ರಶ್ನೆ: ನನ್ನ ಆಂಡ್ರಾಯ್ಡ್ ಫೋನಿಗೆ ತಯಾರಕರು ಭದ್ರತಾ ಅಪ್‌ಡೇಟ್ ನೀಡುವುದನ್ನು ನಿಲ್ಲಿಸಿದ್ದಾರೆ. ಫೋನು ಇನ್ನೂ ಸುಸ್ಥಿತಿಯಲ್ಲಿರುವುದರಿಂದ, ಸ್ವಯಂಸೇವಕರು ಸಿದ್ಧಪಡಿಸುವ ಆವೃತ್ತಿಯನ್ನು ಹಾಕಿಕೊಳ್ಳೋಣವೆಂದು ವಿಚಾರಿಸಿದೆ. ಈ ಮಾದರಿಯ ಕರ್ನಲ್ (ಫೋನಿನ ಯಂತ್ರಭಾಗಗಳನ್ನು ನಿಯಂತ್ರಿಸುವ ತಿರುಳು ತಂತ್ರಾಂಶ) ಮೂಲಸಂಕೇತವನ್ನೇ, ಅಂದರೆ ಪ್ರೋಗ್ರಾಮರುಗಳು ಬರೆದ ಸೋರ್ಸ್ ಕೋಡನ್ನೇ, ಕಂಪನಿ ಬಿಡುಗಡೆ ಮಾಡಿಲ್ಲ ಎಂದು ತಿಳಿಯಿತು. ಕಂಪನಿಗೆ ಬರೆದರೆ ಅದು ವ್ಯಾಪಾರ ರಹಸ್ಯವೆಂಬ ಉತ್ತರ ಬಂದಿದೆ. ಇದು ಸರಿಯೇ?
– ಓದುಗರೊಬ್ಬರು

ಉತ್ತರ: ಸರಿಯಲ್ಲ. ಆಂಡ್ರಾಯ್ಡ್ ಫೋನುಗಳ ತಳದಲ್ಲಿ ಕೆಲಸ ಮಾಡುವುದು ಲಿನಕ್ಸ್ ಕರ್ನಲ್. ಅದನ್ನು 1992ರಲ್ಲಿ ಜಿಪಿಎಲ್ (ಜನರಲ್ ಪಬ್ಲಿಕ್ ಲೈಸೆನ್ಸ್) ಎಂಬ ಮುಕ್ತ ತಂತ್ರಾಂಶ ಪರವಾನಗಿಯಡಿ ತರಲಾಯಿತು. 1991ರಲ್ಲಿ ಪ್ರಕಟವಾದ ಆ ಪರವಾನಗಿಯ ಎರಡನೆಯ ಆವೃತ್ತಿಯೇ ಇಂದಿಗೂ ಅದಕ್ಕೆ ಅನ್ವಯಿಸುತ್ತದೆ. ಕರ್ನಲನ್ನು ಬೇಕಾದಂತೆ ಬದಲಿಸಿ, ಫೋನಿನಲ್ಲಿ ಅಳವಡಿಸಿ ಮಾರಲು ತಯಾರಕರಿಗೆ ಅನುಮತಿ ಕೊಟ್ಟಿರುವುದೇ ಈ ಪರವಾನಗಿ. ಹಾಗೆ ಮಾರುವವರು ಮೂಲಸಂಕೇತವನ್ನು ಫೋನಿನ ಜೊತೆಗೇ ಕೊಡಬೇಕು, ಇಲ್ಲವೇ ಕೇಳಿದ ಯಾರಿಗಾದರೂ, ಪ್ರತಿ ಮಾಡಿ ಕಳುಹಿಸುವ ವೆಚ್ಚಕ್ಕಿಂತ ಹೆಚ್ಚು ಪಡೆಯದೆ ಕೊಡುವುದಾಗಿ ಕನಿಷ್ಠ 3 ವರ್ಷ ಊರ್ಜಿತವಾಗಿರುವ ಲಿಖಿತ ಭರವಸೆಯನ್ನು ನೀಡಬೇಕು. ಸಾವಿರಾರು ಜನರು ಬರೆದ ಕೃತಿಯನ್ನು ಈ ಷರತ್ತಿನ ಮೇಲೆ ಪಡೆದುಕೊಂಡವರು, ಅದಕ್ಕೆ ತಾವು ಮಾಡಿದ ಬದಲಾವಣೆಗಳನ್ನು ರಹಸ್ಯವೆಂದು ಕರೆಯುವುದು ನ್ಯಾಯವಲ್ಲ.

ಕೆಲವು ಕಂಪನಿಗಳು ನಿರಾಕರಿಸುವುದಿಲ್ಲ, ಆದರೆ ಫೋನು ಮಾರುಕಟ್ಟೆಗೆ ಬಂದು ತಿಂಗಳುಗಳು ಕಳೆದ ಮೇಲೆ ಬಿಡುಗಡೆ ಮಾಡುತ್ತವೆ. ಪರವಾನಗಿಯಲ್ಲಿ ಅಂಥ ಕಾಲಾವಕಾಶವಿಲ್ಲ. ಬಾಧ್ಯತೆ ಮೊದಲ ಫೋನು ಕೈಬದಲಾದ ಕ್ಷಣದಲ್ಲೇ ಹುಟ್ಟುತ್ತದೆ. ಇನ್ನು ಕೆಲವು ಕಂಪನಿಗಳು ಬೇರಾವುದೋ ಹಳೆಯ ಆವೃತ್ತಿಯ ಸಂಕೇತವನ್ನು ಪ್ರಕಟಿಸಿ ಸುಮ್ಮನಾಗುತ್ತವೆ. ಇದು ನನಗೆ ನಿರಾಕರಣೆಗಿಂತಲೂ ಕೆಟ್ಟದ್ದಾಗಿ ಕಾಣುತ್ತದೆ, ಏಕೆಂದರೆ ಪಾಲನೆಯಾಗಿದೆಯೆಂಬ ತೋರಿಕೆ ಉಳಿಯುತ್ತದೆ, ಕೆಲಸಕ್ಕೆ ಮಾತ್ರ ಏನೂ ಒದಗುವುದಿಲ್ಲ. ಪರವಾನಗಿ ಕೇಳುವುದು ನಿಮ್ಮ ಫೋನಿನಲ್ಲಿರುವ ಆವೃತ್ತಿಗೇ ಹೊಂದುವ ಸಂಪೂರ್ಣ ಸಂಕೇತವನ್ನು. ಅದನ್ನು ಕಂಪೈಲ್ ಮಾಡಲು (ಫೋನಿನಲ್ಲಿ ಓಡುವ ರೂಪಕ್ಕೆ ತರಲು) ಮತ್ತು ಸ್ಥಾಪಿಸಲು ಬಳಸಿದ ಸ್ಕ್ರಿಪ್ಟ್‌ಗಳೂ ಅದರಲ್ಲಿ ಸೇರಿವೆ.

ಆದರೆ ಫೋನಿನಲ್ಲಿರುವ ಎಲ್ಲವನ್ನೂ ಹೀಗೆ ಕೇಳಲಾಗದು. ಕರ್ನಲ್‌ನ ಮೇಲಿರುವ ಆಂಡ್ರಾಯ್ಡ್‌ನ ಬಹುಭಾಗ ಅಪಾಚೆ ಎಂಬ ಬೇರೊಂದು ಮುಕ್ತ ಪರವಾನಗಿಯಲ್ಲಿದೆ. ಅದರ ಬದಲಾವಣೆಗಳನ್ನು ಪ್ರಕಟಿಸುವ ಕಡ್ಡಾಯವಿಲ್ಲ. ಕಂಪನಿಯದೇ ಆದ ಕ್ಯಾಮೆರಾ ಆ್ಯಪ್, ಮೋಡೆಮ್ ಫರ್ಮ್‌ವೇರ್ (ಮೋಡೆಮ್ ಚಿಪ್ಪಿನೊಳಗಿನ ತಂತ್ರಾಂಶ) ಮುಂತಾದವು ಪ್ರತ್ಯೇಕ ಕೃತಿಗಳು. ಬೀಗ ಹಾಕಿದ ಬೂಟ್‌ಲೋಡರ್ (ಫೋನು ಆನ್ ಆದಾಗ ಕರ್ನಲನ್ನು ಚಾಲೂ ಮಾಡುವ ತಂತ್ರಾಂಶ) ವಿಷಯದಲ್ಲಿಯೂ ತೊಡಕಿದೆ: ಬದಲಿಸಿದ ತಂತ್ರಾಂಶವನ್ನು ಗ್ರಾಹಕ ಸಾಧನದಲ್ಲಿ ಸ್ಥಾಪಿಸಲು ಬೇಕಾದ ಮಾಹಿತಿಯನ್ನು ಕೊಡಬೇಕೆಂದು ಸ್ಪಷ್ಟವಾಗಿ ಹೇಳಿದ್ದು ಜಿಪಿಎಲ್‌ನ 2007ರ ಮೂರನೆಯ ಆವೃತ್ತಿ, ಆದರೆ ಲಿನಕ್ಸ್ ಅದಕ್ಕೆ ಬದಲಾಗಲಿಲ್ಲ.

ಹಕ್ಕು ಸಾಧಿಸುವವರು ಯಾರು ಎಂಬುದೇ ನಿಜವಾದ ಕಷ್ಟ. ಷರತ್ತು ಮುರಿದವರ ಅನುಮತಿ ತಾನಾಗಿಯೇ ರದ್ದಾಗುತ್ತದೆಯಾದರೂ, ಹಕ್ಕುಸ್ವಾಮ್ಯ ಉಲ್ಲಂಘನೆಯ ದಾವೆ ಹೂಡಬಲ್ಲವರು ಸಂಕೇತ ಬರೆದ ಹಕ್ಕುದಾರರು. ಜರ್ಮನಿಯಲ್ಲಿ ಹರಾಲ್ಡ್ ವೆಲ್ಟೆ ಎಂಬ ಕರ್ನಲ್ ಅಭಿವರ್ಧಕರು 2004ರಲ್ಲಿ ಮ್ಯೂನಿಕ್‌ನ ನ್ಯಾಯಾಲಯದಿಂದ ಜಾಲ ಉಪಕರಣಗಳ ಕಂಪನಿಯೊಂದರ ವಿರುದ್ಧ ಆದೇಶ ಪಡೆದದ್ದು ಹೀಗೆಯೇ. ಕೊಂಡವರೂ ಕೇಳಬಹುದೆಂಬ ವಾದವನ್ನು ಮುಂದಿಟ್ಟು ಮುಕ್ತ ತಂತ್ರಾಂಶದ ಪರ ಕೆಲಸ ಮಾಡುವ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಸಂಸ್ಥೆಯು 2021ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಟಿ.ವಿ. ತಯಾರಕರಾದ ವಿಜಿಯೊ ವಿರುದ್ಧ ದಾವೆ ಹೂಡಿತು. ಆ ಸಂಸ್ಥೆಯು ಪರವಾನಗಿಯನ್ನು ಕರಾರೆಂದು ಪರಿಗಣಿಸಿ, ಅದರ ಫಲಾನುಭವಿ ಗ್ರಾಹಕನೆಂದು ವಾದಿಸಿತು.

ಈಗ ನೀವು ಕಂಪನಿಯ ಕಾನೂನು ವಿಭಾಗಕ್ಕೆ ಮತ್ತೊಮ್ಮೆ ಬರೆಯಿರಿ. ಗ್ರಾಹಕ ಸೇವೆಯ ಸಿಬ್ಬಂದಿಗೆ ಈ ಬಾಧ್ಯತೆ ತಿಳಿದಿರುವುದು ಅಪರೂಪ. ಮಾದರಿ ಸಂಖ್ಯೆ, ಬಿಲ್ಡ್ ಸಂಖ್ಯೆ, ಕರ್ನಲ್ ಆವೃತ್ತಿ ಮೂರನ್ನೂ ಸೆಟ್ಟಿಂಗ್ಸ್‌ನಿಂದ ನಕಲು ಮಾಡಿ, ಅಲ್ಲೇ ಇರುವ ಕಾನೂನು ಮಾಹಿತಿಯ ಪುಟದಲ್ಲಿ ಲಿಖಿತ ಭರವಸೆ ಇದ್ದರೆ ಅದನ್ನೂ ಉಲ್ಲೇಖಿಸಿ. ಉತ್ತರ ಬಾರದಿದ್ದರೆ ಆ ಪತ್ರವ್ಯವಹಾರವನ್ನು ಇಂಥ ದೂರುಗಳನ್ನು ಸ್ವೀಕರಿಸುವ ಕನ್ಸರ್ವೆನ್ಸಿಯಂಥ ಸಂಸ್ಥೆಗೆ ಕಳುಹಿಸಿಕೊಡಿ.