ಕೇಬಲ್ ಹೋಯಿತು, ಎರಡು ಇಂಚು ತಂತಿ ಉಳಿಯಿತು

ಪ್ರಶ್ನೆ: ಆರ್ಡುಯಿನೋ ಊನೋ ಆರ್3 ಎಂಬ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡಿನಿಂದ ಉಷ್ಣತೆಯ ಅಂಕಿಗಳನ್ನು ಲ್ಯಾಪ್‌ಟಾಪಿಗೆ ಕಳಿಸುತ್ತಿದ್ದೇನೆ. ಯುಎಸ್‌ಬಿ ಕೇಬಲ್ ಇದ್ದಾಗ ಎಲ್ಲ ಸರಿ ಇತ್ತು. ಈಗ 0 ಮತ್ತು 1ನೇ ಪಿನ್‌ಗೆ ಎಚ್‌ಸಿ-05 ಬ್ಲೂಟೂತ್ ಮಾಡ್ಯೂಲ್ ಹಾಕಿದ್ದೇನೆ. ಪೇರ್ ಆಗುತ್ತದೆ, ಆದರೆ ಬರೀ ಕಸ ಅಕ್ಷರ ಬರುತ್ತದೆ. ಕೋಡ್‌ನಲ್ಲಿ ಬಾಡ್ ರೇಟ್ (ಸೆಕೆಂಡಿಗೆ ಎಷ್ಟು ಬಿಟ್ ಎಂಬ ವೇಗ) 115200 ಇದೆ. ಹೊಸ ಸ್ಕೆಚ್ (ಬೋರ್ಡಿನ ಪ್ರೋಗ್ರಾಂ) ಅಪ್‌ಲೋಡ್ ಕೂಡ ಆಗುತ್ತಿಲ್ಲ. ಮಾಡ್ಯೂಲ್ ಸುಟ್ಟುಹೋಯಿತಾ?

ಉತ್ತರ: ಇಲ್ಲ, ಕಸವಾದರೂ ಬರುತ್ತಿದೆ ಅಂದರೆ ಜೀವ ಇದೆ. ಉದ್ದದ ಕೇಬಲ್ ಹೋದರೂ ಬೋರ್ಡಿಗೂ ಮಾಡ್ಯೂಲಿಗೂ ನಡುವೆ ಎರಡು ಇಂಚು ತಂತಿ ಉಳಿದಿದೆ ಅಲ್ವಾ, ನಿಮ್ಮ ತಾಪತ್ರಯವೆಲ್ಲ ಅಲ್ಲೇ ಇದೆ.

ಎಚ್‌ಸಿ-05 ಸಾಮಾನ್ಯವಾಗಿ 9600ಕ್ಕೆ ಹೊಂದಿಸಿಯೇ ಬರುತ್ತದೆ. ನೀವು 115200ರಲ್ಲಿ ಕಳಿಸಿದರೆ ಅದು ತಪ್ಪಾಗಿ ಓದಿ, ಆ ತಪ್ಪನ್ನೇ ನಿಷ್ಠೆಯಿಂದ ಲ್ಯಾಪ್‌ಟಾಪಿಗೆ ದಾಟಿಸುತ್ತದೆ. ಲ್ಯಾಪ್‌ಟಾಪ್ ಕಡೆ ಯಾವ ಬಾಡ್ ಇಟ್ಟರೂ ಇದು ಸರಿಹೋಗುವುದಿಲ್ಲ. ನಾನೂ ಮೊದಲ ಸಲ ಅಲ್ಲೇ ಸುಮ್ನೆ ಅರ್ಧ ದಿನ ಕಳೆದಿದ್ದೆ. ಕೋಡ್‌ನಲ್ಲಿ 9600 ಮಾಡಿ. ಸೆಕೆಂಡಿಗೆ ಸುಮಾರು 960 ಅಕ್ಷರ ಹೋಗುತ್ತದೆ, ಉಷ್ಣತೆಗೆ ಅದೇ ಜಾಸ್ತಿ. ವೇಗ ಬೇಕೇ ಬೇಕು ಅಂದರೆ ಮಾಡ್ಯೂಲ್ ಮೇಲಿನ ಪುಟ್ಟ ಗುಂಡಿ ಒತ್ತಿ ಹಿಡಿದು ಪವರ್ ಕೊಡಿ. ಎಲ್‌ಇಡಿ ನಿಧಾನವಾಗಿ, ಎರಡು ಸೆಕೆಂಡಿಗೊಮ್ಮೆ ಮಿನುಗಿದರೆ ಎಟಿ ಕಮಾಂಡ್ (ಮಾಡ್ಯೂಲಿನ ಸೆಟ್ಟಿಂಗ್ ಬದಲಿಸುವ ಆದೇಶ) ಕೇಳಲು ಸಿದ್ಧ ಅಂತ ಅರ್ಥ. ಆಗ 38400ರಲ್ಲಿ ಮಾತಾಡಿಸಿ ಬಾಡ್ ಬದಲಿಸಬಹುದು.

ಅಪ್‌ಲೋಡ್ ಆಗದಿರುವುದಕ್ಕೆ ಕಾರಣ 0, 1ನೇ ಪಿನ್. ಯುಎಸ್‌ಬಿಯೂ ಅದೇ ದಾರಿಯಲ್ಲಿ ಬರುತ್ತದೆ, ಇಬ್ಬರೂ ಒಟ್ಟಿಗೆ ಮಾತಾಡಿದರೆ ಗಲಾಟೆಯೇ. ಅಪ್‌ಲೋಡ್ ಮಾಡುವಾಗ ಆ ತಂತಿ ಕಿತ್ತಿಡಿ, ಇಲ್ಲವೇ ಸಾಫ್ಟ್‌ವೇರ್‌ಸೀರಿಯಲ್ ಲೈಬ್ರರಿ (ಬೇರೆ ಪಿನ್‌ಗಳಲ್ಲೂ ಡೇಟಾ ಕಳಿಸಲು ಬಿಡುವ ಸಿದ್ಧ ಕೋಡ್) ಬಳಸಿ 10, 11ನೇ ಪಿನ್‌ಗೆ ಬದಲಿಸಿ. 115200ರಲ್ಲಿ ಮಾತ್ರ ಆ ಲೈಬ್ರರಿಯನ್ನು ನಂಬಬೇಡಿ.

ನೀವು ಕೇಳದ ಒಂದು ಮಾತು. ಬೋರ್ಡಿನ ಟಿಎಕ್ಸ್‌ನಿಂದ (ಕಳಿಸುವ ಪಿನ್) 5 ವೋಲ್ಟ್ ಬರುತ್ತದೆ, ಮಾಡ್ಯೂಲಿನ ಆರ್‌ಎಕ್ಸ್‌ಗೆ (ಪಡೆಯುವ ಪಿನ್) ಬೇಕಾದ್ದು 3.3. ನೇರ ಕೊಟ್ಟರೂ ಕೆಲವು ದಿನ ನಡೆಯುತ್ತದೆ, ಅದೇ ಮೋಸ. ಟಿಎಕ್ಸ್‌ನಿಂದ 1 ಕಿಲೋಓಮ್ ರೆಸಿಸ್ಟರ್, ಅಲ್ಲಿಂದ ಗ್ರೌಂಡಿಗೆ 2 ಕಿಲೋಓಮ್, ಎರಡೂ ಸೇರುವ ಜಾಗದಿಂದ ಆರ್‌ಎಕ್ಸ್‌ಗೆ ತಂತಿ. ವಾಪಸ್ ಬರುವ ತಂತಿಗೆ ಇದೇನೂ ಬೇಡ, 3.3 ವೋಲ್ಟನ್ನು ಊನೋ ಸರಿಯಾಗಿ ಓದಿಕೊಳ್ಳುತ್ತದೆ.

ಪ್ರಶ್ನೆ: ಅದೇ ಎಚ್‌ಸಿ-05ಕ್ಕೆ ಐಫೋನ್ ಆ್ಯಪ್ ಕನೆಕ್ಟ್ ಆಗುವುದಿಲ್ಲವಲ್ಲ?

ಉತ್ತರ: ಆಗುವುದಿಲ್ಲ. ಅದು ಹಳೆಯ ಕ್ಲಾಸಿಕ್ ಬ್ಲೂಟೂತ್‌ನ ಸೀರಿಯಲ್ ಪೋರ್ಟ್ ಪ್ರೊಫೈಲ್ (ತಂತಿಯ ಬದಲು ಡೇಟಾ ಸಾಗಿಸುವ ವಿಧಾನ) ಬಳಸುತ್ತದೆ, ಐಫೋನ್ ಆ್ಯಪ್‌ಗಳಿಗೆ ಆ ದಾರಿ ಇಲ್ಲ. ಎಚ್‌ಎಂ-10ರಂಥ ಬಿಎಲ್‌ಇ (ಕಡಿಮೆ ವಿದ್ಯುತ್ತಿನ ಹೊಸ ಬಗೆಯ ಬ್ಲೂಟೂತ್) ಮಾಡ್ಯೂಲ್ ತಗೊಳ್ಳಿ.